ಚಿಂದಿಯ ಋಣ

ಮೆಕ್ಯಾನಿಕ್ ಶಾಪಿಗೆ ಹೋದವರೆಲ್ಲ ನೋಡಿರುತ್ತೀರಿ. ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳಲು ಹುಡುಗ ಮೂಲೆಯ ಚೀಲಕ್ಕೆ ಕೈಹಾಕಿ ಬಣ್ಣಬಣ್ಣದ ಬಟ್ಟೆಚೂರು ಎಳೆದುಕೊಳ್ಳುತ್ತಾನೆ. ಅದಕ್ಕೆ ಅಲ್ಲಿರುವ ಹೆಸರು 'ವೇಸ್ಟ್'. 'ಒಂದು ಕೆ.ಜಿ. ವೇಸ್ಟ್ ತಗೊಂಡು ಬಾರಪ್ಪ' ಎಂದು ಮಾಲೀಕ ದುಡ್ಡು ಕೊಟ್ಟು ಕಳಿಸುತ್ತಾನೆ. ದುಡ್ಡು ಕೊಟ್ಟು ತರುವ ವಸ್ತುವಿಗೆ ವೇಸ್ಟ್ ಎಂದು ಹೆಸರಿಟ್ಟವರು ಯಾರೋ ತಿಳಿಯದು. ಆದರೆ ಇಂದಿನ ನನ್ನ ಮಾತಿನ ಗಂಟೆಲ್ಲ ಆ ಹೆಸರಿನಲ್ಲೇ ಇದೆ. ಮೂವತ್ತು ವರ್ಷ ನೂಲುವ ವಿದ್ಯೆ ಕಲಿಸಿದವನನ್ನು ಕರೆದು, ಹರಿದದ್ದರ ಬಗ್ಗೆ ಮಾತಾಡು ಎಂದಿದ್ದೀರಿ. ಒಪ್ಪಿಕೊಂಡ ಮೇಲೆ ಗೊತ್ತಾಯಿತು, ತರಗತಿಯಲ್ಲಿ ನಾನು ಬಟ್ಟೆಯ ಅರ್ಧ ಕಥೆಯನ್ನಷ್ಟೇ ಹೇಳಿದ್ದೆ.

ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ಜವಳಿ ವ್ಯಾಪಾರ ಮಾಡಿದ ಮನೆತನದವರು. ಮಾರಿದವರ ಮನೆಯ ದುಡ್ಡಿನಲ್ಲಿ ಮಾರಿದವರ ಹೊಣೆಯ ಬಗ್ಗೆ ಮಾತಾಡಲು ಸ್ವಲ್ಪ ಧೈರ್ಯ ಬೇಕು. ವಿಷಯ ಹೇಳಿದಾಗ ಅವರು ನಕ್ಕು, 'ಹೇಳ್ರಿ, ನಾವೂ ಕೇಳ್ತೀವಿ' ಎಂದರು. ಧೈರ್ಯ ಬಂದದ್ದು ಅಲ್ಲಿಂದ. ಇನ್ನೊಂದು ಅಳುಕೂ ಇದೆ. ನಿಂತಿರುವುದು ದಾವಣಗೆರೆಯಲ್ಲಿ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ಇದು. ಮಿಲ್ಲಿನ ಸೈರನ್ನಿಗೆ ಮನೆಯ ಗಡಿಯಾರ ಹೊಂದಿಸಿಕೊಂಡವರು ಈ ಸಭೆಯಲ್ಲೂ ಇದ್ದೀರಿ. ಈಗ ಹೊರಗಿನವರಿಗೆ ದಾವಣಗೆರೆ ಎಂದರೆ ಬೆಣ್ಣೆದೋಸೆ. ಇರಲಿ, ದೋಸೆಯ ಮೇಲೆ ನನಗೆ ಸಿಟ್ಟಿಲ್ಲ.

ನಮ್ಮ ಅವ್ವನ ಒಂದು ನೂಲಿನ ಸೀರೆ ಎಷ್ಟು ಜನ್ಮ ಎತ್ತಿತು ಎಂದು ಲೆಕ್ಕ ಹಾಕಲು ಹೋದರೆ ನನಗೆ ಈಗಲೂ ದಿಗಿಲಾಗುತ್ತದೆ. ಮೊದಲು ಹಬ್ಬಕ್ಕೆ, ಆಮೇಲೆ ದಿನಕ್ಕೆ. ನಡುವೆ ಸವೆದಾಗ ಎರಡು ತುಂಡು ಮಾಡಿ ಅಂಚು ಕಡೆ ಸೇರಿಸಿ ಹೊಲಿದರೆ ಮತ್ತೊಂದು ವರ್ಷ. ಅದೂ ಮುಗಿದ ಮೇಲೆ ಅಕ್ಕನಿಗೆ ಲಂಗ. ಯಾರದಾದರೂ ಬಾಣಂತನ ಬಂದರೆ ಹಳೇ ಸೀರೆಗೆ ಎಲ್ಲಿಲ್ಲದ ಬೆಲೆ. ನೂರು ಸಲ ಒಗೆದು ಮೆತ್ತಗಾದ ಹತ್ತಿಯಷ್ಟು ಮೃದುವಾದದ್ದು ಹಸುಗೂಸಿನ ಮೈಗೆ ಮತ್ತೊಂದಿಲ್ಲ. ಉಳಿದದ್ದು ಕೌದಿಯ ಒಳಪದರಕ್ಕೆ. ಕೌದಿಯೂ ಹರಿದರೆ ಒಲೆಯ ಬಳಿ ಮಸಿಬಟ್ಟೆ, ಹೊಸ್ತಿಲ ಬಳಿ ಕಾಲೊರೆಸು, ದನದ ಕೊಟ್ಟಿಗೆಯಲ್ಲಿ ಕರುವಿನ ಹೊದಿಕೆ, ಜಾತ್ರೆಯಲ್ಲಿ ಪಂಜಿಗೆ ಸುತ್ತುವ ಚಿಂದಿ. ಬೂದಿಯಾಗುವವರೆಗೆ ಅದನ್ನು ಕಸ ಎಂದು ಕರೆದವರಿಲ್ಲ.

ಕೌದಿಯ ಬಗ್ಗೆ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಅದು ಹೊಲಿಗೆಯ ಮಾತಲ್ಲ, ಎಂಜಿನಿಯರಿಂಗಿನ ಮಾತು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು 'ಕವಂದಿ' ಹೊಲಿಯುತ್ತಾರೆ. ಅವರು ಅಂಚಿನಿಂದ ಶುರುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ತುಂಡುಗಳು ಸಿಕ್ಕ ಹಾಗೆ ಕೂಡುತ್ತವೆ. ಮೊದಲೇ ಗೆರೆ ಎಳೆದ ವಿನ್ಯಾಸವಿಲ್ಲ. ಮುಗಿದ ಮೇಲೆ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಒಂದೊಂದು ಹೂವು ಕೂರಿಸದಿದ್ದರೆ ಕೆಲಸ ಪೂರ್ತಿಯಾದಂತಲ್ಲ. ಯಾವ ಅಳತೆಯ, ಯಾವ ಬಣ್ಣದ ಚಿಂದಿ ಬಂದರೂ ಒಳಗೆ ಕೂರಿಸಬಲ್ಲ ವಿನ್ಯಾಸ ಅದು. ಇವತ್ತಿನ ಮರುಬಳಕೆಯ ಯಂತ್ರಗಳಿಗೆ ಆ ಗುಣ ಇಲ್ಲ. ಅವು ಒಂದೇ ಬಗೆಯ ಎಳೆ, ಒಂದೇ ಬಗೆಯ ಬಣ್ಣ ಕೇಳುತ್ತವೆ, ಗುಂಡಿ ಜಿಪ್ಪುಗಳನ್ನು ಕಿತ್ತುಕೊಡಿ ಎನ್ನುತ್ತವೆ.

ಹಳೆಯ ಕಾಲ ಒಳ್ಳೆಯದಿತ್ತು ಎಂದು ಹಾಡಲು ನಾನು ಇಲ್ಲಿಗೆ ಬಂದಿಲ್ಲ. ಆ ಸೀರೆ ಅಷ್ಟು ಜನ್ಮ ಎತ್ತಿದ್ದಕ್ಕೆ ಮುಖ್ಯ ಕಾರಣ ಬಡತನ. ಅವ್ವನಿಗೆ ವರ್ಷಕ್ಕೆ ಎರಡು ಸೀರೆ ಸಿಗುತ್ತಿದ್ದರೆ ಅಕ್ಕ ಹಳೇ ಸೀರೆಯ ಲಂಗ ಉಟ್ಟು ಶಾಲೆಗೆ ಹೋಗಬೇಕಿರಲಿಲ್ಲ. ಇವತ್ತು ಕೂಲಿ ಮಾಡುವ ಹೆಣ್ಣುಮಗಳು ಮುನ್ನೂರು ರೂಪಾಯಿಗೆ ಹೊಸ ಸೀರೆ ಕೊಳ್ಳುತ್ತಾಳೆ ಎಂದರೆ ಅದು ಸಂತೋಷದ ಸಂಗತಿಯೇ. ಅವಳನ್ನು ನಿಲ್ಲಿಸಿ 'ಕಡಿಮೆ ಕೊಳ್ಳಮ್ಮ' ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಆಗದು. ನನ್ನ ತಕರಾರು ಕೊಂಡವಳ ಮೇಲಲ್ಲ. ಆ ಮುನ್ನೂರರಲ್ಲಿ ಒಂದು ಖರ್ಚನ್ನು ಯಾರೂ ಸೇರಿಸಿಲ್ಲ ಎಂಬುದೇ ನನ್ನ ತಕರಾರು.

ಅದು ಯಾವ ಖರ್ಚು ಎಂದು ತಿಳಿಯಲು ನಮ್ಮ ಬೀದಿಗೆ ಬರುತ್ತಿದ್ದ ಇಬ್ಬರನ್ನು ನೆನೆಸಿಕೊಳ್ಳಿ. ಒಬ್ಬ 'ಹಳೇ ಜರಿ ಸೀರೇ...' ಎಂದು ಕೂಗುತ್ತ ಬರುತ್ತಿದ್ದ. ಅಸಲಿ ಜರಿಯಲ್ಲಿ ಬೆಳ್ಳಿ ಇರುತ್ತದೆ. ಸೀರೆ ಸುಟ್ಟು ಬೆಳ್ಳಿ ತೆಗೆಯುತ್ತಿದ್ದರು. ಅದಕ್ಕೇ ಅವನು ನಗದು ಕೊಡುತ್ತಿದ್ದ. ಇನ್ನೊಬ್ಬಳು ತಲೆಯ ಮೇಲೆ ಪಾತ್ರೆಯ ಬುಟ್ಟಿ ಹೊತ್ತು ಬರುತ್ತಿದ್ದಳು. ನಾಲ್ಕು ಪ್ಯಾಂಟು, ಎರಡು ಸೀರೆಗೆ ಒಂದು ಸ್ಟೀಲ್ ಡಬ್ಬಿ. ಅವ್ವ ಇನ್ನೊಂದು ಲೋಟ ಕೇಳುತ್ತಿದ್ದಳು, ಅವಳು ಇನ್ನೊಂದು ಅಂಗಿ ಕೇಳುತ್ತಿದ್ದಳು, ಅರ್ಧ ಗಂಟೆಯ ಚೌಕಾಸಿ. ಉತ್ತರ ಭಾರತದಲ್ಲಿ ಈ ಕಸುಬನ್ನು ಗುಜರಾತ್ ಮೂಲದ ವಾಘರಿ ಸಮುದಾಯದವರು ದೊಡ್ಡ ಮಟ್ಟದಲ್ಲಿ ನಡೆಸುತ್ತಾರೆ. ದೆಹಲಿಯ ರಘುವೀರ್ ನಗರದಲ್ಲಿ ನಸುಕಿನಲ್ಲೇ ಹಳೇ ಬಟ್ಟೆಯ ಸಂತೆ ಸೇರುತ್ತದೆ. ಬೆಳ್ಳಿ ಇದ್ದ ಬಟ್ಟೆಗೆ ನಗದು, ಮರಳಿ ಉಡಬಹುದಾದ ಬಟ್ಟೆಗೆ ಪಾತ್ರೆ. ಎರಡೂ ಅಲ್ಲದ ಬಟ್ಟೆಗೆ? ಅದನ್ನು ಆ ಹೆಣ್ಣುಮಗಳು ಮುಟ್ಟಿಯೂ ನೋಡುತ್ತಿರಲಿಲ್ಲ. ಮರುಬಳಕೆ ಎಂಬುದು ಪರಿಸರ ಪ್ರೇಮದಿಂದ ನಡೆಯುವ ಕೆಲಸವಲ್ಲ, ಕೊನೆಯಲ್ಲಿ ಹಿಡಿದ ಕೈಗೆ ಏನಾದರೂ ಗಿಟ್ಟಿದರೆ ಮಾತ್ರ ನಡೆಯುವ ಕೆಲಸ. ಗಿಟ್ಟದ ಕಡೆ ಆ ಕೂಲಿಯನ್ನು ಯಾರು ಕೊಡಬೇಕು ಎಂಬುದೊಂದೇ ಪ್ರಶ್ನೆ.

ಗಿಟ್ಟದ ಬಟ್ಟೆ ಇಷ್ಟೊಂದು ಹೆಚ್ಚಿದ್ದು ಹೇಗೆ? 1941ರಲ್ಲಿ ಮ್ಯಾಂಚೆಸ್ಟರಿನ ಕ್ಯಾಲಿಕೋ ಪ್ರಿಂಟರ್ಸ್ ಅಸೋಸಿಯೇಷನ್‌ನಲ್ಲಿದ್ದ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ಒಂದು ಎಳೆಗೆ ಪೇಟೆಂಟ್ ಪಡೆದರು. ಅದೇ ಟೆರಿಲಿನ್. ಕರ್ನಾಟಕದ ಮ್ಯಾಂಚೆಸ್ಟರನ್ನು ಮಲಗಿಸಿದ ಕಾರಣಗಳಲ್ಲಿ ಒಂದು ಅಸಲಿ ಮ್ಯಾಂಚೆಸ್ಟರಿನ ಸಂಸ್ಥೆಯಲ್ಲೇ ಹುಟ್ಟಿತು. ನಾನು ಹುಡುಗನಾಗಿದ್ದಾಗ ಬಿಳಿ ಟೆರಿಲಿನ್ ಅಂಗಿ ತೊಟ್ಟ ಮದುಮಗನ ಮುಖದಲ್ಲಿ ಬೇರೆಯೇ ಕಳೆ ಇರುತ್ತಿತ್ತು. ಇಸ್ತ್ರಿ ಬೇಡ, ಹರಿಯುವುದಿಲ್ಲ, ರಾತ್ರಿ ಒಗೆದರೆ ಬೆಳಿಗ್ಗೆಗೆ ಒಣಗಿರುತ್ತದೆ. ಹತ್ತಿಯ ಜೊತೆ ಅದನ್ನು ಬೆರೆಸಿ ಟೆರಿಕಾಟ್ ಮಾಡಿದರು. ಅಲ್ಲಿಗೆ ಅವ್ವನ ಸೀರೆಯ ಸರಪಳಿ ಕಡಿಯಿತು. ಪಾಲಿಸ್ಟರ್ ಸೀರೆ ಕೂಸಿನ ಹಾಸಿಗೆ ಆಗದು, ನೀರು ಹೀರದು. ಕೌದಿಗೆ ಹಾಕಿದರೆ ಜಾರುತ್ತದೆ, ಮೈ ಬೆವರುತ್ತದೆ. ಮಸಿಬಟ್ಟೆ ಮಾಡಿ ಬಿಸಿ ಪಾತ್ರೆ ಹಿಡಿದರೆ ಕರಗಿ ಬೆರಳಿಗೆ ಅಂಟುತ್ತದೆ. ಹೊಸದರಲ್ಲಿ ಅಷ್ಟು ಸೊಗಸಾದ ಬಟ್ಟೆಗೆ ಮುಪ್ಪಿನಲ್ಲಿ ಮಾಡಲು ಕೆಲಸವೇ ಇಲ್ಲ. ಟೆಕ್ಸ್‌ಟೈಲ್ ಎಕ್ಸ್‌ಚೇಂಜ್ ಸಂಸ್ಥೆಯ ಲೆಕ್ಕದ ಪ್ರಕಾರ 2023ರಲ್ಲಿ ಜಗತ್ತು ತಯಾರಿಸಿದ ಎಳೆ ಸುಮಾರು 12.4 ಕೋಟಿ ಟನ್. ಅದರಲ್ಲಿ ಶೇಕಡಾ 57 ಪಾಲಿಸ್ಟರ್, ಹತ್ತಿ ಐದರಲ್ಲಿ ಒಂದು ಪಾಲು.

ನಮ್ಮ ದೇಶದ ಮಟ್ಟಿಗೆ ಫ್ಯಾಷನ್ ಫಾರ್ ಗುಡ್ ಎಂಬ ಸಂಸ್ಥೆ 2022ರಲ್ಲಿ ಒಂದು ಅಂದಾಜು ಕೊಟ್ಟಿತು. ವರ್ಷಕ್ಕೆ ಸುಮಾರು 78 ಲಕ್ಷ ಟನ್ ಜವಳಿ ತ್ಯಾಜ್ಯ ಭಾರತದಲ್ಲಿ ಕೈ ಬದಲಾಯಿಸುತ್ತದೆ. ಅರ್ಧಕ್ಕೆ ತುಸು ಹೆಚ್ಚು ನಾವೇ ಉಟ್ಟು ಬಿಟ್ಟದ್ದು. ನೂರಕ್ಕೆ 42ರಷ್ಟು ಗಿರಣಿ, ಗಾರ್ಮೆಂಟ್ಸುಗಳಲ್ಲೇ ಕತ್ತರಿಯ ಕೆಳಗೆ ಬಿದ್ದದ್ದು. 7ರಷ್ಟು ಹೊರದೇಶಗಳಿಂದ ಬಂದದ್ದು. ಈ ಮೂರನ್ನೂ ಒಂದೇ ಕಸ ಎಂದು ನೋಡಬಾರದು. ಪೀಣ್ಯದ ಗಾರ್ಮೆಂಟ್ಸಿನ ಕಟಿಂಗ್ ಟೇಬಲ್ಲಿನ ಚೂರು ಚೊಕ್ಕಟ. ಯಾವ ನೂಲು, ಯಾವ ಬಣ್ಣ ಎಂದು ಕಾರ್ಖಾನೆಗೆ ಗೊತ್ತಿರುತ್ತದೆ, ಅದಕ್ಕೆ ಗಿರಾಕಿ ಕಾದಿರುತ್ತಾನೆ. ತಿರುಪ್ಪೂರಿನ ಬನಿಯನ್ ವೇಸ್ಟ್ ಮತ್ತೆ ನೂಲಾಗುವುದು, ಮೆಕ್ಯಾನಿಕ್ ಹುಡುಗನ ಕೈಗೆ ಬರುವುದು ಹೀಗೆಯೇ. ಕಷ್ಟ ಇರುವುದು ನಾವು ಉಟ್ಟು ಬಿಟ್ಟದ್ದರಲ್ಲಿ.

ಅದನ್ನು ಬಿಡಿಸಿ ಮತ್ತೆ ನೂಲುವ ವಿದ್ಯೆ ಹೊಸದಲ್ಲ. 1813ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನ ಬ್ಯಾಟ್ಲಿ ಎಂಬ ಊರಿನಲ್ಲಿ ಬೆಂಜಮಿನ್ ಲಾ ಎಂಬಾತ ಉಣ್ಣೆಯ ಚಿಂದಿ ಹರಿದು, ಹೊಸ ಉಣ್ಣೆ ಬೆರೆಸಿ ನೂತು ನೋಡಿದ. ಆ ನೂಲಿಗೆ 'ಶಾಡಿ' ಎಂದು ಹೆಸರು. ಇವತ್ತು ಇಂಗ್ಲಿಷಿನಲ್ಲಿ ಕಳಪೆ ಎನ್ನಲು ಬಳಸುವ ಮಾತೂ ಅದೇ. ಒಂದು ಕಸುಬಿನ ಹೆಸರು ಬೈಗುಳವಾಗಿ ಉಳಿದ ಉದಾಹರಣೆಗಳು ನಮ್ಮಲ್ಲೂ ಬೇಕಾದಷ್ಟಿವೆ. ಬ್ಯಾಟ್ಲಿಯ ಕೆಲಸ ಆಮೇಲೆ ಇಟಲಿಯ ಪ್ರಾಟೊದಲ್ಲಿ ಬೆಳೆಯಿತು, ಅದಕ್ಕಿಂತ ದೊಡ್ಡದಾಗಿ ಹರಿಯಾಣದ ಪಾಣಿಪತ್ತಿನಲ್ಲಿ ಬೆಳೆಯಿತು. ಶಾಲೆಯಲ್ಲಿ ಮೂರು ಯುದ್ಧದ ಇಸವಿ ಬಾಯಿಪಾಠ ಮಾಡಿದ ಪಾಣಿಪತ್ತೇ ಅದು.

ಯುರೋಪ್, ಅಮೆರಿಕದ ಚಳಿಗಾಲದ ಕೋಟುಗಳು ಬೇಲುಗಳಲ್ಲಿ ಕಾಂಡ್ಲಾ ಬಂದರಿಗೆ ಬಂದು ಇಳಿಯುತ್ತವೆ. ಹಾಗೇ ಮಾರಿಬಿಡಬಾರದೆಂದು ಉಣ್ಣೆಯ ಬಟ್ಟೆಗಳನ್ನು ಅಡ್ಡಡ್ಡ ಸೀಳಿ ತರಬೇಕೆಂಬುದು ಕಸ್ಟಮ್ಸ್ ನಿಯಮ. ಪಾಣಿಪತ್ತಿನಲ್ಲಿ ಹೆಂಗಸರು ನೆಲಕ್ಕೆ ಕೂತು ಗುಂಡಿ, ಜಿಪ್ಪು, ಅಸ್ತರು, ಲೇಬಲ್ಲು ಕಿತ್ತು ಬಣ್ಣಕ್ಕೊಂದರಂತೆ ರಾಶಿ ಹಾಕುತ್ತಾರೆ. 2012ರಲ್ಲಿ ಮೇಘನಾ ಗುಪ್ತಾ ಮಾಡಿದ 'ಅನ್‌ರ‍್ಯಾವೆಲ್' ಎಂಬ ಪುಟ್ಟ ಸಾಕ್ಷ್ಯಚಿತ್ರದಲ್ಲಿ ಈ ಹೆಂಗಸರು ವಿದೇಶಿಯರ ಬಗ್ಗೆ ಮಾಡುವ ಊಹೆಗಳನ್ನು ಕೇಳಬೇಕು, ನಗು ತಡೆಯಲಾಗದು. ಕೆಂಪು ರಾಶಿ ಕೆಂಪು ನೂಲಾಗುತ್ತದೆ, ನೀಲಿ ರಾಶಿ ನೀಲಿ. ಬಣ್ಣ ಹಾಕುವ ಕೆಲಸವಿಲ್ಲ, ಬಣ್ಣದ ನೀರೂ ಇಲ್ಲ. ಜಗತ್ತಿನಲ್ಲಿ ಭೂಕಂಪವೋ ಪ್ರವಾಹವೋ ಆದಾಗ ಪರಿಹಾರ ಸಂಸ್ಥೆಗಳು ಹಂಚುವ ಬೂದು ಕಂಬಳಿಗಳಲ್ಲಿ ಬಹುಪಾಲು ಅಲ್ಲಿಂದ ಹೊರಟವು. ಆಮೇಲೆ ಹಗುರವಾದ, ಮೆತ್ತನೆಯ ಪಾಲಿಸ್ಟರ್ ಫ್ಲೀಸ್ ಕಂಬಳಿ ಅಗ್ಗಕ್ಕೆ ಬಂತು. ಪಾಣಿಪತ್ತಿನ ಕೆಲವು ಮಾಲೀಕರೇ ಹಳೇ ಮಗ್ಗ ಬಿಚ್ಚಿ ಫ್ಲೀಸ್ ಯಂತ್ರ ಕೂರಿಸಿದರು. ಚಿಂದಿಯಿಂದ ನೂತ ಕಂಬಳಿಗಿಂತ ಕಚ್ಚಾ ತೈಲದಿಂದ ಮಾಡಿದ ಹೊಸ ಕಂಬಳಿ ಅಗ್ಗ! ಈ ಲೆಕ್ಕದಲ್ಲಿ ಎಲ್ಲೋ ಒಂದು ಸಾಲು ಬಿಟ್ಟುಹೋಗಿದೆ ಎಂದು ಗೊತ್ತಾಗಲು ಅರ್ಥಶಾಸ್ತ್ರ ಓದಬೇಕಿಲ್ಲ.

ನೂಲುವವನಾಗಿ ಇಲ್ಲೊಂದು ಕಹಿ ಸತ್ಯ ಹೇಳಲೇಬೇಕು. ಬಟ್ಟೆಯನ್ನು ಹರಿದು ಎಳೆ ಬಿಡಿಸುವಾಗ ಎಳೆ ತುಂಡಾಗುತ್ತದೆ. ಧಾರವಾಡದಲ್ಲಿ ಬಿ.ಎಚ್. ಕಟಾರ್ಕಿಯವರು 1972ರಲ್ಲಿ ವರಲಕ್ಷ್ಮಿ ಹತ್ತಿ ಕೊಟ್ಟಾಗ, ಆಮೇಲೆ ಡಿಸಿಎಚ್-32 ಬಂದಾಗ ನಾವು ಹಿಗ್ಗಿದ್ದು ಎಳೆಯ ಉದ್ದಕ್ಕೆ. 30 ಮಿಲಿಮೀಟರಿಗೂ ಮಿಕ್ಕ ಉದ್ದದ ಅರಳೆ ಕೈಗೆ ಸಿಕ್ಕರೆ ನೂಲುವವನಿಗೆ ಮೈಸೂರುಪಾಕು ಸಿಕ್ಕಂತೆ. ಉದ್ದ ಇದ್ದಷ್ಟೂ ನೂಲು ಸಣ್ಣ, ಗಟ್ಟಿ, ನಯ. ಅರ್ಧ ಇಂಚಿಗಿಂತ ಗಿಡ್ಡವಾದದ್ದನ್ನು ನಾವು ಶಾರ್ಟ್ ಫೈಬರ್ ಎಂದು ಬಯ್ಯುತ್ತೇವೆ. ಹರಿಯುವ ಯಂತ್ರದ ಮೊಳೆಗಳ ನಡುವೆ ಹಾದು ಬಂದ ಹತ್ತಿಯಲ್ಲಿ ಈ ಗಿಡ್ಡ ಎಳೆಯೇ ರಾಶಿ. ಅದರಿಂದ ಬರುವುದು ದಪ್ಪ ನೂಲು: ಜಮಖಾನ, ಕಾಲೊರೆಸು, ನೆಲ ಒರೆಸುವ ಬಟ್ಟೆ. ಅಂಗಿ ಮಾಡಬೇಕೆಂದರೆ ಹೊಸ ಹತ್ತಿ ಬೆರೆಸಲೇಬೇಕು. 'ಹಳೇ ಅಂಗಿಯಿಂದ ಹೊಸ ಅಂಗಿ' ಎಂದು ಅಂಗಡಿಯಲ್ಲಿ ಬೋರ್ಡು ಹಾಕಿದವರನ್ನು ಕಂಡಾಗ ಎಳೆಯ ಉದ್ದ ಎಷ್ಟು ಸ್ವಾಮಿ ಎಂದು ಕೇಳಬೇಕೆನಿಸುತ್ತದೆ. ಕೇಳಿಲ್ಲ, ಮನೆಯವರು ಜೊತೆಗಿರುತ್ತಾರೆ.

ಯಂತ್ರ ಬೇಡ, ರಸಾಯನದಿಂದ ಕರಗಿಸೋಣ ಎಂದವರಿದ್ದಾರೆ. ಹತ್ತಿ ಅಂದರೆ ಸೆಲ್ಯುಲೋಸ್. ಮರದ ತಿರುಳೂ ಅದೇ. ಮರದ ಬದಲು ಹಳೇ ಜೀನ್ಸ್ ಕರಗಿಸಿ ತಿರುಳು ಮಾಡಿದರೆ ಅದರಿಂದ ವಿಸ್ಕೋಸ್ ಎಳೆ ತೆಗೆಯಬಹುದು. ಈ ಊರಿನವರಿಗೆ ತಿರುಳಿನ ಕಥೆ ಹೇಳಬೇಕಿಲ್ಲ. ಹರಿಹರದ ಆಚೆ ದಂಡೆಯ ಕುಮಾರಪಟ್ಟಣದಲ್ಲಿ ನೀಲಗಿರಿ ಮರದಿಂದ ತಿರುಳು, ತಿರುಳಿನಿಂದ ಎಳೆ ದಶಕಗಳಿಂದ ಆಗುತ್ತಿದೆ. ಆ ನೀಲಗಿರಿ ಬೆಳೆಯಲು ಹಳ್ಳಿಯವರ ಗೋಮಾಳ, ಕುರುಚಲು ಕಾಡನ್ನು ಸರ್ಕಾರ ಒಂದು ಜಂಟಿ ಕಂಪನಿಗೆ ಒಪ್ಪಿಸಿದಾಗ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎದ್ದು ನಿಂತಿತು. ಶಿವರಾಮ ಕಾರಂತರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಅದಕ್ಕೆ ಅವರಿಟ್ಟ ಹೆಸರು 'ಕಿತ್ತಿಕೊ-ಹಚ್ಚಿಕೊ'. ಅಂಗಿಯ ಬೆಲೆಯಲ್ಲಿ ಸೇರದ ಖರ್ಚೊಂದು ತಮ್ಮ ತಲೆಯ ಮೇಲೆ ಬಿದ್ದಿದೆ ಎಂದು ಕುಸನೂರಿನ ಜನರಿಗೆ ಯಾವ ಸೆಮಿನಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಗಾಗಿ ಮರದ ಬದಲು ಚಿಂದಿ ಎಂದಾಗ ನನ್ನ ಕಿವಿ ನೆಟ್ಟಗಾಗಿತ್ತು. ಸ್ವೀಡನ್ನಿನ ಸುಂಡ್ಸ್‌ವಾಲ್ ಊರಿನ ಹಳೇ ಕಾಗದದ ಕಾರ್ಖಾನೆಯೊಳಗೆ ರಿನ್ಯೂಸೆಲ್ ಎಂಬ ಕಂಪನಿ 2022ರಲ್ಲಿ ಇದೇ ಕೆಲಸ ಶುರುಮಾಡಿತು. ತಂತ್ರ ಕೆಲಸ ಮಾಡಿತು, ತಿರುಳು ಬಂತು, ಬ್ರ್ಯಾಂಡುಗಳು ಬಂದು ಫೋಟೋ ತೆಗೆಸಿಕೊಂಡವು. 2024ರ ಫೆಬ್ರವರಿಯಲ್ಲಿ ಕಂಪನಿ ದಿವಾಳಿ. ಕಾರಣ ಸರಳ: ಆರ್ಡರ್ ಸಾಲಲಿಲ್ಲ. ಮರದ ತಿರುಳಿಗಿಂತ ದುಬಾರಿಯಾದದ್ದನ್ನು ಕೊಳ್ಳಲೇಬೇಕೆಂಬ ಒತ್ತಾಯ ಯಾರ ಮೇಲೂ ಇರಲಿಲ್ಲ. ಬೇರೆಯವರು ಅದನ್ನು ಕೊಂಡು ಈಗ ಹೊಸ ಹೆಸರಿನಲ್ಲಿ ನಡೆಸಲು ಹೊರಟಿದ್ದಾರೆ, ಒಳ್ಳೆಯದಾಗಲಿ.

ಒತ್ತಾಯದ ಮಾತು ಬಂತು. ಸ್ವೀಡನ್ನಿನವರೇ ಆದ ಥಾಮಸ್ ಲಿಂಡ್‌ಕ್ವಿಸ್ಟ್ 1990ರಲ್ಲಿ ಅಲ್ಲಿನ ಪರಿಸರ ಸಚಿವಾಲಯಕ್ಕೆ ಕೊಟ್ಟ ವರದಿಯಲ್ಲಿ ಒಂದು ವಿಚಾರ ಮುಂದಿಟ್ಟರು. ವಸ್ತುವನ್ನು ಮಾರಿದ ಕೂಡಲೇ ಮಾಡಿದವನ ಹೊಣೆ ಮುಗಿಯಬಾರದು, ಅದು ಕಸವಾದ ಮೇಲಿನ ಖರ್ಚೂ ಅವನದೇ ಆಗಬೇಕು. ಇಂಗ್ಲಿಷಿನ ಮೊದಲಕ್ಷರ ಸೇರಿಸಿ ಇದನ್ನು ಇಪಿಆರ್ ಎನ್ನುತ್ತಾರೆ. ನಮ್ಮ ಪತ್ರಿಕೆಗಳು 'ವಿಸ್ತರಿತ ಉತ್ಪಾದಕರ ಜವಾಬ್ದಾರಿ' ಎಂದು ಬಾಯಿ ತುಂಬ ಬರೆಯುತ್ತವೆ. ನಾನು ಋಣ ಎಂದರೆ ಸಾಕು ಎಂದುಕೊಂಡಿದ್ದೇನೆ. ಲಿಂಡ್‌ಕ್ವಿಸ್ಟರ ಮನಸ್ಸಿನಲ್ಲಿದ್ದದ್ದು ದಂಡವಲ್ಲ. ಕಸದ ಖರ್ಚು ತನ್ನ ಜೇಬಿನಿಂದಲೇ ಹೋಗುತ್ತದೆ ಎಂದಾದರೆ ಮಾಡುವವನು ಮಾಡುವಾಗಲೇ ಯೋಚಿಸುತ್ತಾನೆ, ಅದು ಆಸೆ. ನೂರಕ್ಕೆ ಎರಡು ಪಾಲು ಹಿಗ್ಗುವ ಎಳೆ ಸೇರಿಸಿದ ಜೀನ್ಸ್ ಮೈಗೆ ಹಿತ, ಆದರೆ ಆ ಎರಡು ಪಾಲು ಹರಿಯುವ ಯಂತ್ರಕ್ಕೂ ಕಾಟ, ಕರಗಿಸುವ ತೊಟ್ಟಿಗೂ ಕಾಟ. ಅದನ್ನು ಸೇರಿಸುವ ತೀರ್ಮಾನ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವನದಲ್ಲ, ತೊಡುವ ಹುಡುಗನದೂ ಅಲ್ಲ.

ಬಟ್ಟೆಗೆ ಈ ನಿಯಮವನ್ನು ದೇಶವ್ಯಾಪಿಯಾಗಿ ಮೊದಲು ತಂದದ್ದು ಫ್ರಾನ್ಸ್. 2007ರಲ್ಲಿ ಕಾನೂನು, 2009ರಿಂದ ಜಾರಿ. ಬಟ್ಟೆ, ಹೊದಿಕೆ, ಚಪ್ಪಲಿ ಮಾರುವವರೆಲ್ಲ ಒಂದೊಂದು ನಗಕ್ಕೂ ಕೆಲವು ಸೆಂಟುಗಳನ್ನು ಒಂದು ಸಂಸ್ಥೆಗೆ ಕಟ್ಟಬೇಕು. ಈಗ ಅದರ ಹೆಸರು ರಿಫ್ಯಾಷನ್. ಆ ದುಡ್ಡಿನಿಂದ ಹಳೇ ಬಟ್ಟೆ ಆಯುವವರಿಗೆ ಟನ್ನಿಗಿಷ್ಟು ಎಂದು ನೆರವು. 2023ರ ನವೆಂಬರಿನಿಂದ ಹರಿದ ಬಟ್ಟೆ, ಬೂಟು ರಿಪೇರಿ ಮಾಡಿಸಿದರೆ ಬಿಲ್ಲಿನಲ್ಲಿ 6ರಿಂದ 25 ಯೂರೋವರೆಗೆ ರಿಯಾಯಿತಿಯೂ ಉಂಟು. ದರ್ಜಿಗೆ ಸರ್ಕಾರದ ಯೋಜನೆಯಲ್ಲಿ ಜಾಗ ಸಿಕ್ಕ ಸುದ್ದಿ ಓದಿ ನನಗೆ ಖುಷಿಯಾಯಿತು. ಆದರೂ ಇಷ್ಟು ವರ್ಷಗಳ ಮೇಲೆ ಅವರು ಮರಳಿ ಸಂಗ್ರಹಿಸುತ್ತಿರುವುದು ಮಾರಾಟವಾದದ್ದರ ಮೂರನೇ ಒಂದು ಪಾಲು ಮಾತ್ರ.

2025ರ ಜುಲೈನಲ್ಲಿ ಅಲ್ಲೊಂದು ಜಗಳ ನಡೆಯಿತು. ಫ್ರಾನ್ಸಿನ ಹಳೇ ಬಟ್ಟೆ ಸಂಗ್ರಹದಲ್ಲಿ ದೊಡ್ಡ ಹೆಸರು ಲ ರೆಲೆ. ಕೆಲಸ ಸಿಗದವರಿಗೆ ಕೆಲಸ ಕೊಡಲೆಂದೇ ಹುಟ್ಟಿದ ಸಂಸ್ಥೆ. ಅವರು ಸಂಗ್ರಹ ನಿಲ್ಲಿಸಿ, ಬಟ್ಟೆಯ ಚೀಲಗಳನ್ನು ಅಂಗಡಿಗಳ ಮುಂದೆ ತಂದು ಸುರಿದರು. ಟನ್ನಿಗೆ ಸಿಗುವ 156 ಯೂರೋ ಸಾಲದು, 304 ಬೇಕು ಎಂಬುದು ಅವರ ಮಾತು. ಚೀಲದಲ್ಲಿ ಬರುವ ಬಟ್ಟೆ ವರ್ಷ ವರ್ಷ ತೆಳುವಾಗುತ್ತಿದೆ, ಮರಳಿ ಮಾರಬಹುದಾದದ್ದು ಕಡಿಮೆಯಾಗುತ್ತಿದೆ, ಆಯುವ ಕೂಲಿ ಮಾತ್ರ ಅಷ್ಟೇ. ಕೊನೆಗೆ ಸರ್ಕಾರ 223 ಯೂರೋಗೆ ಒಪ್ಪಿತು. ಗಮನಿಸಿ, ಕಟ್ಟಿದ ದುಡ್ಡು ಸಂಸ್ಥೆಯ ಕೈಯಲ್ಲಿತ್ತು, ಕಾನೂನೂ ಇತ್ತು, ಆದರೂ ಬಟ್ಟೆ ಆಯುವ ಕೈ ಬೀದಿಗಿಳಿಯಬೇಕಾಯಿತು. ನಾಳೆ ನಾವು ಕಾನೂನು ಬರೆಯುವಾಗ ಈ ಜಗಳವನ್ನು ಎದುರಿಗಿಟ್ಟುಕೊಂಡು ಬರೆಯಬೇಕು.

ನೆದರ್‌ಲ್ಯಾಂಡ್ಸ್ 2023ರ ಜುಲೈನಿಂದ, ಕ್ಯಾಲಿಫೋರ್ನಿಯಾ 2024ರ ಕಾನೂನಿನಿಂದ ಇದೇ ದಾರಿ ಹಿಡಿದಿವೆ. ಯುರೋಪಿನ ಒಕ್ಕೂಟ 2025ರ ಅಕ್ಟೋಬರಿನಲ್ಲಿ ಜಾರಿಗೆ ತಂದ ತಿದ್ದುಪಡಿಯಂತೆ ಅದರ ಎಲ್ಲ ದೇಶಗಳೂ 30 ತಿಂಗಳೊಳಗೆ ಬಟ್ಟೆಗೆ ಇಪಿಆರ್ ತರಬೇಕು. ಇದು ಬೆಂಗಳೂರಿನ ಗಾರ್ಮೆಂಟ್ಸಿಗೆ ನೇರ ತಟ್ಟುವ ಸಂಗತಿ. ಮೈಸೂರು ರಸ್ತೆಯ ಕಾರ್ಖಾನೆಯಲ್ಲಿ ಹೊಲಿದ ಅಂಗಿ ಪ್ಯಾರಿಸ್ಸಿನಲ್ಲಿ ಮಾರಾಟವಾದರೆ ಅಲ್ಲಿನ ಕಾನೂನಿನ ಕಣ್ಣಿಗೆ 'ಉತ್ಪಾದಕ' ಹೊಲಿದವನಲ್ಲ, ಅಲ್ಲಿ ಮಾರಿದವನು. ಅದು ಸರಿಯೇ. ಆದರೆ ಮಾರಿದವನು ಆ ಖರ್ಚನ್ನು ಹೊಲಿಯುವವನ ದರದಲ್ಲಿ ಕಳೆಯದೆ ಬಿಡುತ್ತಾನೆಯೇ? ಒಂದು ಅಂಗಿಗೆ ಐದು ರೂಪಾಯಿ ಇಳಿಸು ಎಂದರೆ ಇಳಿಸಲೇಬೇಕಾದ ಜಾಗದಲ್ಲಿ ನಮ್ಮವರು ನಿಂತಿದ್ದಾರೆ. ಆ ಐದು ರೂಪಾಯಿ ಕೊನೆಗೆ ಬರುವುದು ಮಾಲೀಕನ ಲಾಭದಿಂದಲೋ ಮೆಷೀನಿಗೆ ಕೂತ ಹೆಣ್ಣುಮಗಳ ಓಟಿಯಿಂದಲೋ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಇನ್ನೊಂದು ತೂತು ಇದಕ್ಕಿಂತ ದೊಡ್ಡದು. ಪ್ಯಾರಿಸ್ಸಿನಲ್ಲಿ ಕಟ್ಟಿದ ದುಡ್ಡು ಪ್ಯಾರಿಸ್ಸಿನಲ್ಲೇ ಉಳಿಯುತ್ತದೆ, ಬಟ್ಟೆ ಮಾತ್ರ ಬೇಲಿನಲ್ಲಿ ಕಟ್ಟಿಸಿಕೊಂಡು ಕಾಂಡ್ಲಾಕ್ಕೋ ಘಾನಾದ ಅಕ್ರಾಕ್ಕೋ ಹೊರಡುತ್ತದೆ. ಅಕ್ರಾದ ಕಾಂಟಮಾಂಟೊ ಸಂತೆಯಲ್ಲಿ ಹಳೇ ಬಟ್ಟೆಗೆ ಇರುವ ಹೆಸರು 'ಒಬ್ರೋನಿ ವಾವು', ಸತ್ತ ಬಿಳಿಯನ ಬಟ್ಟೆ ಎಂದು. ಬದುಕಿದ್ದವರು ಇಷ್ಟೊಂದು ಬಟ್ಟೆ ಬಿಸಾಕುತ್ತಾರೆಂದು ಅಲ್ಲಿನವರಿಗೆ ಮೊದಮೊದಲು ನಂಬಿಕೆಯೇ ಬರಲಿಲ್ಲವಂತೆ. ವ್ಯಾಪಾರಿ ಸಾಲ ಮಾಡಿ ಬೇಲು ಕೊಳ್ಳುತ್ತಾಳೆ, ಬಿಚ್ಚುವವರೆಗೆ ಒಳಗೇನಿದೆ ತಿಳಿಯದು, ಮಾರಲಾಗದ್ದು ಚರಂಡಿಗೆ, ಕಡಲ ದಂಡೆಗೆ. 2025ರ ಹೊಸವರ್ಷದ ರಾತ್ರಿ ಆ ಸಂತೆ ಹೊತ್ತಿ ಉರಿಯಿತು. ಹೊಲಿದು, ಬಣ್ಣಹಾಕಿ, ರಿಪೇರಿ ಮಾಡಿ ಹಳೆಯದನ್ನು ಹೊಸದು ಮಾಡುತ್ತಿದ್ದ ಸಾವಿರಾರು ಜನರ ಮಳಿಗೆಗಳು ಬೂದಿಯಾದವು. ಬೇಲಿನ ಜೊತೆ ದುಡ್ಡೂ ಬರಬೇಕು ಎಂಬುದು ಅಲ್ಲಿನವರ ಬೇಡಿಕೆ. ಪಾಣಿಪತ್ತಿನ ಬೇಡಿಕೆಯೂ ಅದೇ ಆಗಬೇಕಿತ್ತು.

ನಮ್ಮ ಮನೆಯ ಕಡೆ ನೋಡೋಣ. ಪ್ಲಾಸ್ಟಿಕ್ ಪ್ಯಾಕಿಂಗಿಗೆ, ಬ್ಯಾಟರಿಗೆ, ಟೈರಿಗೆ, ಕಂಪ್ಯೂಟರ್ ಮೊಬೈಲಿಗೆ ನಮ್ಮಲ್ಲಿ ಇಪಿಆರ್ ನಿಯಮ ಬಂದಿದೆ. ಬಟ್ಟೆಗೆ ಬಂದಿಲ್ಲ. ಇದರಿಂದ ಒಂದು ತಮಾಷೆ ಆಗಿದೆ. ನೀರಿನ ಬಾಟಲಿ ಪಾಲಿಸ್ಟರೇ. ಅದು ಬಾಟಲಿಯಾಗಿರುವವರೆಗೆ ಕಂಪನಿಗೆ ಹೊಣೆ ಉಂಟು. ಅದನ್ನೇ ಕರಗಿಸಿ ಎಳೆ ತೆಗೆದು ಅಂಗಿ ಮಾಡಿದರೆ ಹೊಣೆಯಿಂದ ಮುಕ್ತಿ, ಮೇಲಿಂದ ಪರಿಸರ ಸ್ನೇಹಿ ಎಂಬ ಪಟ್ಟ. ಜಗತ್ತಿನಲ್ಲಿ ಮರುಬಳಕೆಯ ಪಾಲಿಸ್ಟರ್ ಎಂದು ಮಾರುವುದು ಹೆಚ್ಚುಕಡಿಮೆ ಪೂರ್ತಿ ಬಾಟಲಿಯಿಂದ ಬಂದದ್ದು, ಹಳೇ ಬಟ್ಟೆಯಿಂದ ಅಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಧನ ಸಮಾವೇಶದಲ್ಲಿ ಪ್ರಧಾನಿಯವರಿಗೆ ಬಾಟಲಿಯಿಂದ ಮಾಡಿದ ತಿಳಿನೀಲಿ ಜಾಕೆಟ್ ಕೊಟ್ಟರು. ಅವರು ಅದನ್ನು ತೊಟ್ಟು ಸಂಸತ್ತಿಗೆ ಹೋದರು. ಜಾಕೆಟ್ ಚೆನ್ನಾಗಿಯೇ ಇತ್ತು. ಆದರೆ ಬಾಟಲಿ ಮತ್ತೆ ಬಾಟಲಿಯಾಗಬಲ್ಲದು. ಅಂಗಿಯಾದ ಬಾಟಲಿ ಮತ್ತೆ ಬಾಟಲಿಯಾಗುವುದಿಲ್ಲ, ಸದ್ಯಕ್ಕೆ ಮತ್ತೆ ಅಂಗಿಯಾಗುವುದೂ ಅಪರೂಪ.

ಹಾಗಿದ್ದರೆ ನಾಳೆಯೇ ಬಟ್ಟೆಗೂ ಇಪಿಆರ್ ತನ್ನಿ ಎಂದು ನಾನು ಕೂಗುತ್ತಿದ್ದೆ, 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯ ಸುದ್ದಿ ಓದದೆ ಇದ್ದಿದ್ದರೆ. ಪ್ಲಾಸ್ಟಿಕ್ಕಿಗೆ ಸಂಬಂಧಿಸಿದಂತೆ ಮರುಬಳಕೆ ಮಾಡಿದ್ದೇವೆ ಎನ್ನುವ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳು ಸಿಕ್ಕಿದ್ದವು. ಅವನ್ನು ಕೊಟ್ಟ ಘಟಕಗಳ ಪಟ್ಟಿಯಲ್ಲಿ ಕರ್ನಾಟಕದ ಹೆಸರೂ ಇತ್ತು. ಕಸ ಎತ್ತದೆ ಕಾಗದ ಮಾರಿದ್ದರು. ಪ್ರಮಾಣಪತ್ರದ ವ್ಯಾಪಾರವಾಗಿ ನಿಲ್ಲುವ ಕಾನೂನು ಬೇಡ. ಬಟ್ಟೆಗೆ ಬರುವ ಕಾನೂನಿನಲ್ಲಿ ದುಡ್ಡು ಆಯುವ ಕೈಗೆ, ಕೆ.ಜಿ. ಲೆಕ್ಕದಲ್ಲಿ, ನೇರ ಹೋಗಬೇಕು. ಆ ಕೈ ಯಾರದು ಎಂಬ ಗೊಂದಲ ಬೆಂಗಳೂರಿನಲ್ಲಾದರೂ ಇಲ್ಲ: 2011ರಲ್ಲೇ ಲೋಕ ಅದಾಲತ್ತಿನ ಸೂಚನೆಯಂತೆ ಚಿಂದಿ ಆಯುವವರಿಗೆ ನಗರ ಪಾಲಿಕೆ ಗುರುತಿನ ಚೀಟಿ ಕೊಟ್ಟಿತು, ಹಸಿರು ದಳದಂಥ ಸಂಘಟನೆಗಳು ಅವರ ಹೆಸರು, ಲೆಕ್ಕ ಇಟ್ಟಿವೆ. ಒಣಕಸ ಸಂಗ್ರಹ ಕೇಂದ್ರದಲ್ಲಿ ಬಾಟಲಿಗೆ ಬೆಲೆ ಉಂಟು, ರಟ್ಟಿಗೆ ಬೆಲೆ ಉಂಟು. ಬಟ್ಟೆಯ ರಾಶಿ ಮಾತ್ರ ಜಾಗ ತಿನ್ನುತ್ತ ಮೂಲೆಯಲ್ಲಿ ಬಿದ್ದಿರುತ್ತದೆ. ಆ ಮೂಲೆಗೆ ಕೆ.ಜಿ.ಗೆ ಕೆಲವು ರೂಪಾಯಿ ಬಂದರೆ ಸಾಕು, ಕೆಲಸ ತಾನಾಗಿ ಚುರುಕಾಗುತ್ತದೆ.

ಮತ್ತೆ, ಯಾರನ್ನು ಉತ್ಪಾದಕ ಎನ್ನಬೇಕು? ಇಳಕಲ್ಲಿನಲ್ಲಿ ಒಂದು ಮಗ್ಗಕ್ಕೆ ಕೂತವನನ್ನು, ಗುಳೇದಗುಡ್ಡದ ಖಣ ನೇಯುವವನನ್ನು, ರಬಕವಿ-ಬನಹಟ್ಟಿಯ ನಾಲ್ಕು ಪವರ್‌ಲೂಮಿನವನನ್ನು ಈ ಬಲೆಗೆ ಹಾಕಿದರೆ ಅದಕ್ಕಿಂತ ಅನ್ಯಾಯ ಇಲ್ಲ. ಅವರ ಬಟ್ಟೆಯೇ ಹೆಚ್ಚು ಬಾಳುವುದು. ತನ್ನ ಹೆಸರಿನ ಲೇಬಲ್ ಹಾಕಿ, ದೊಡ್ಡ ಮಟ್ಟದಲ್ಲಿ ಮಾರುವವನು ಕಟ್ಟಲಿ, ಆನ್‌ಲೈನ್ ಅಂಗಡಿಯೂ ಸೇರಿ. ಒಂದೇ ಎಳೆಯ ಬಟ್ಟೆಗೆ ಕಡಿಮೆ, ಬಿಡಿಸಲಾಗದ ಬೆರಕೆಗೆ ಹೆಚ್ಚು. ಬಟ್ಟೆಯಲ್ಲಿ ಏನಿದೆ ಎಂದು ಒಗೆದರೂ ಅಳಿಸದಂತೆ, ಕನ್ನಡದಲ್ಲೂ, ಬರೆದಿರಲಿ. ಇಷ್ಟು ಆದರೆ ಅವ್ವನ ಸೀರೆಯ ಕಾಲ ಮರಳಿ ಬರುತ್ತದೆ ಎಂದಲ್ಲ. ಆ ಮುನ್ನೂರು ರೂಪಾಯಿಯ ಲೆಕ್ಕದಲ್ಲಿ ಬಿಟ್ಟುಹೋದ ಸಾಲು ಒಂದು ಮಟ್ಟಿಗಾದರೂ ಸೇರುತ್ತದೆ.

ಬರೆದಿರಲಿ ಎಂದೆನಲ್ಲ, ಅದಕ್ಕೊಂದು ಕಾರಣ ಇದೆ. ಈ ಉಪನ್ಯಾಸಕ್ಕೆ ಸಿದ್ಧನಾಗುವಾಗ ಬೆಂಗಳೂರಿನ ಒಂದು ಒಣಕಸ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿ ಒಬ್ಬ ಅಮ್ಮ ಬಟ್ಟೆ ಆಯುತ್ತಿದ್ದರು. ಎಳೆಯನ್ನು ಗುರುತಿಸಲು ನಾನು ವಿದ್ಯಾರ್ಥಿಗಳಿಗೆ ಸುಡುವ ಪರೀಕ್ಷೆ ಹೇಳಿಕೊಡುತ್ತಿದ್ದೆ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಪಾಲಿಸ್ಟರಾದರೆ ಕರಗಿ ಕಪ್ಪು ಮಣಿ, ಉಣ್ಣೆಯಾದರೆ ಕೂದಲ ವಾಸನೆ. ಅವರಿಗೆ ಬೆಂಕಿ ಬೇಕಿರಲಿಲ್ಲ. ಹೆಬ್ಬೆರಳು, ತೋರುಬೆರಳಿನ ನಡುವೆ ಒಮ್ಮೆ ಉಜ್ಜಿ ಈ ರಾಶಿಗೋ ಆ ರಾಶಿಗೋ ಎಸೆಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಲೇಬಲ್ ಓದಿ ನೋಡಿದೆ. ಲೇಬಲ್ ಇದ್ದ ಕಡೆಯೆಲ್ಲ ಅವರದು ಸರಿಯಾಗಿತ್ತು. ಹೊರಡುವಾಗ ನನ್ನ ಅಂಗಿಯ ತೋಳು ಮುಂದೆ ಚಾಚಿ, 'ಇದನ್ನ ನೋಡ್ರಮ್ಮ' ಎಂದೆ. ಪ್ಯೂರ್ ಕಾಟನ್ ಎಂದು ಅಂಗಡಿಯವ ಆಣೆ ಮಾಡಿ ಕೊಟ್ಟಿದ್ದ ಅಂಗಿ. ಅವರು ಉಜ್ಜಿದರು, ಇನ್ನೊಮ್ಮೆ ಉಜ್ಜಿದರು, ನನ್ನ ಮುಖ ನೋಡಿ ನಕ್ಕರು. 'ಮಿಕ್ಸು ಸಾರ್ ಇದು. ಇದನ್ನ ಯಾರೂ ತಗೊಳಲ್ಲ.'